ಸುಮಿನಾಗಶಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಕ್ಕಳಿಗಾಗಿ ಕಾಗದದ ಕಲೆಗಳ ಕೈಪಿಡಿ ಬರೆಯುತ್ತಿದ್ದೇನೆ. ಜಪಾನಿನ ಸುಮಿನಾಗಶಿಗೆ ಒಂದು ಕನ್ನಡ ಹೆಸರು ಬೇಕಾಗಿದೆ.

ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಕುಂಚದ ತುದಿಯಿಂದ ಮಸಿ ಮುಟ್ಟಿಸುತ್ತಾರೆ. ಅದರ ನಡುವೆ ಇನ್ನೊಂದು ಕುಂಚದಿಂದ ಮಸಿಯನ್ನು ಆಚೆ ತಳ್ಳುವ ದ್ರವ. ಈಗ ಸೋಪಿನ ನೀರನ್ನೂ ಬಳಸುವುದುಂಟು. ಒಂದಾದ ಮೇಲೊಂದು ಮುಟ್ಟಿಸುತ್ತಾ ಹೋದರೆ ಉಂಗುರದೊಳಗೆ ಉಂಗುರ. ಮೆಲ್ಲಗೆ ಊದಿದರೆ ಅವು ಬಳುಕುತ್ತವೆ. ಮೇಲೆ ಕಾಗದ ಹಾಸಿ ಎತ್ತಿದರೆ ಚಿತ್ತಾರ ಕಾಗದಕ್ಕೆ ಬಂದಿರುತ್ತದೆ. ಇಂಥ ಹಾಳೆಗಳ ಮೇಲೆ 12ನೇ ಶತಮಾನದಲ್ಲೇ ಕವಿತೆ ಬರೆಯುತ್ತಿದ್ದರು. ಕ್ಯೋಟೊದ ನಿಶಿ ಹೊಂಗಾನ್‌ಜಿ ದೇವಾಲಯದ 36 ಕವಿಗಳ ಸಂಕಲನದಲ್ಲಿ ಅವು ಇವೆ.

'ಸುಮಿ' ಸುಲಭ. ಪೈನ್ ಮರದ ಅಥವಾ ಎಣ್ಣೆದೀಪದ ಹೊಗೆಯಿಂದ ಬಂದ ಕಪ್ಪಿಗೆ ತೊಗಲಿನ ಅಂಟು ಬೆರೆಸಿ ಅದನ್ನು ಮಾಡುತ್ತಾರೆ. ನಮ್ಮಲ್ಲೂ ಪಾತ್ರೆಯ ತಳದ್ದು ಮಸಿ, ಕುಡಿಕೆಯಲ್ಲಿರುವುದೂ ಮಸಿ. ಹಾಗಾಗಿ ಶಾಯಿ, ಇಂಕು ಬೇಡ.

ತೊಡಕಿರುವುದು 'ನಾಗಶಿ'ಯಲ್ಲಿ. 'ನಾಗಸು' ಅಂದರೆ ಹರಿಯಬಿಡು. ಆದರೆ 'ಮಸಿಹರಿವು' ಅಂದರೆ ಹೊಳೆಯೇ ನೆನಪಾಗುತ್ತದೆ, ಇಲ್ಲಿನ ನೀರೋ ನಿಂತ ನೀರು. 'ತೇಲುಮಸಿ' ಕೇಳೋಕೆ ಚೆನ್ನಾಗಿದೆ, ಆದರೆ ಅದು ಮಸಿಯ ಹೆಸರಾಯಿತು, ಕೆಲಸದ್ದಲ್ಲ. ನನ್ನ ಒಲವು 'ಬಿಡು' ಕಡೆಗೆ. ಗದ್ದೆಗೆ ನೀರು ಬಿಡುತ್ತೇವೆ, ನೀರಿಗೆ ಕಾಗದದ ದೋಣಿ ಬಿಡುತ್ತೇವೆ. ಹರಿಯುವುದು, ತೇಲುವುದು ಎರಡೂ ಅದರಲ್ಲೇ ಬಂತಲ್ವಾ? ಅದಕ್ಕೇ 'ಮಸಿಬಿಡಿಕೆ'. ಸೀರೆ ಬಣ್ಣ ಬಿಡುವುದು, ಪೆನ್ನು ಸೋರುವುದು ನೆನಪಾಗಬಹುದು ಅನ್ನುವ ಅಳುಕೂ ಇದೆ.

ಪರಿಚಿತರೊಬ್ಬರು 'ಅಮೃತಶಿಲೆ ವಿನ್ಯಾಸ' ಅಂದರು. ಅದು ಯೂರೋಪಿನವರು ಕಂಡ ಹೋಲಿಕೆ, ನಮಗೇಕೆ? ಪರ್ಷಿಯನ್ನರು ಇದಕ್ಕೆ ಹತ್ತಿರದ ಕಲೆಯಲ್ಲಿ ಮೋಡ ಕಂಡರು. 'ಅಬ್ರ್' ಅಂದರೆ ಮೋಡ, ಅದರಿಂದ 'ಅಬ್ರಿ'. ತುರ್ಕಿಯಲ್ಲಿ ಅದನ್ನೇ 'ಎಬ್ರು' ಅನ್ನುತ್ತಾರೆ, 2014ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಅಲ್ಲಿ ಬರೀ ನೀರು ಸಾಲದು, ಗೋಂದು ಹಾಕಿ ಮಂದ ಮಾಡಬೇಕು. 17ನೇ ಶತಮಾನದ ಬಿಜಾಪುರದಲ್ಲಿ ಅಬ್ರಿಯಿಂದಲೇ ಚಿತ್ರ ಮಾಡುತ್ತಿದ್ದರು. ಮೈಯೆಲ್ಲಾ ಬಣ್ಣದ ಸುಳಿಗಳಿರುವ ಬಡಕಲು ಕುದುರೆಯ ಚಿತ್ರ ನೀವೂ ನೋಡಿರಬಹುದು. ಹಾಗಾಗಿ ಅದನ್ನು ಅಬ್ರಿ ಅಂತಲೇ ಬರೆಯುತ್ತೇನೆ.

ಎರಡು ಪ್ರಶ್ನೆ. 'ಮಸಿಬಿಡಿಕೆ' ನಿಮ್ಮ ಕಿವಿಗೆ ಒಪ್ಪುತ್ತದೆಯೇ? ವಿಜಯಪುರ, ಕಲಬುರಗಿ ಕಡೆ ಹಳೇ ಪುಸ್ತಕಕ್ಕೆ ರಟ್ಟು ಕಟ್ಟುವವರ ಬಾಯಲ್ಲಿ 'ಅಬ್ರಿ' ಅಥವಾ ಅದನ್ನು ಹೋಲುವ ಮಾತು ಕೇಳಿದ್ದೀರಾ? ಕೇಳಿದ್ದರೆ ಯಾವ ಕಾಗದಕ್ಕೆ ಹಾಗನ್ನುತ್ತಿದ್ದರು ಅಂತಲೂ ಬರೆಯಿರಿ.