ಮಗಳಿಗೆ ಮೊದಲನೇ ಬ್ಯಾಂಜೊ: 15 ಸಾವಿರದಾಗ ಯಾವುದು ತಗೋಬೇಕು?

ಪ್ರಶ್ನೆ (ಜತ್ತ, ಸಾಂಗ್ಲಿ ಜಿಲ್ಲಾ)

ಮಗಳಿಗೆ 14 ವರ್ಷ. ಬ್ಲೂಗ್ರಾಸ್ (ಅಮೆರಿಕಾದ ಒಂದು ಜಾನಪದ ಧಾಟಿ ಸಂಗೀತ) ಕೇಳಿ ಬ್ಯಾಂಜೊ ಬೇಕಂತ ಹಟ ಹಿಡದಾಳ. ಗಿಟಾರ್ ಸ್ವಲ್ಪ ಬರತೈತಿ. ಇಲ್ಲಿ ಅಂಗಡ್ಯಾಗ ಬ್ಯಾಂಜೊ ಅಂದ್ರ ಕೀ ಒತ್ತಿ ಬಾರಸೂದನ್ನ ತೋರಸ್ತಾರ. ಆನ್‌ಲೈನ್‌ದಾಗ ನಾಕು, ಐದು, ಆರು ತಂತೀವು ಅದಾವ. ಆರು ತಂತೀದು ಗಿಟಾರ್ ಬಂದವ್ರಿಗೆ ಸಲೀಸು ಅಂತ ಬರದಾರ. ಅದನ್ನ ತಗೊಂಡ್ರ ನಡೀತೈತೇನ್ರಿ?

ಉತ್ತರ 1 (ಮಿರಜ)

ಆರು ತಂತೀದು ಬ್ಯಾಡ್ರಿ. ಮೈ ಬ್ಯಾಂಜೊದ್ದು, ಕುತ್ತಿಗಿ ಮತ್ತ ಶ್ರುತಿ ಗಿಟಾರಿಂದು. ನಾಕು ತಂತೀದು ಟೆನರ್, ಐರಿಶ್ ಸಂಗೀತಕ್ಕ ಮತ್ತ ಹಳೇ ಜಾಝ್‌ಗೆ. ಬ್ಲೂಗ್ರಾಸ್‌ಗೆ ಐದು ತಂತೀದೇ ಬೇಕು. ಐದನೇ ಗಿಡ್ಡ ತಂತಿಯ ಬಿರಡಿ 5ನೇ ಫ್ರೆಟ್ (ಕುತ್ತಿಗಿ ಮ್ಯಾಲಿನ ಅಡ್ಡ ಪಟ್ಟಿ) ಹತ್ರ, ಕುತ್ತಿಗಿ ಬದಿಗೆ ಇರತೈತಿ. ಫೋಟೋದಾಗ ಮೊದಲು ಅದನ್ನ ಹುಡುಕ್ರಿ.

ಅಂಗಡ್ಯಾವ್ರು ತೋರಿಸಿದ್ದು ಬುಲ್‌ಬುಲ್ ತರಂಗ. 1912ರಾಗ ಜಪಾನಿನ ನಾಗೋಯಾದಾಗ ಹುಟ್ಟಿದ ತೈಶೊಗೊತೊ ಅದರ ಮೂಲ. ಗಣಪತಿ ಮೆರವಣಿಗಿಗೆ ಅದು ಛಲೋ ವಾದ್ಯ, ಆದ್ರ ಇದಕ್ಕೂ ಅದಕ್ಕೂ ಹೆಸರಷ್ಟೇ ಒಂದು.

ಐದನೇ ಬಿರಡಿಗೆ ಒಳಗ ಗೇರ್ ಇರಬೇಕು. ಬರೇ ತಿಕ್ಕಾಟದ ಮ್ಯಾಲೆ ನಿಂತದ್ದು ಜಾರತೈತಿ, ಒಂದ್ ಕೂದಲೆಳಿ ತಿರುವಿದ್ರ ಸ್ವರ ಎಲ್ಲೋ ಹೋಗತೈತಿ. ಹೊಸಬರು ಬಾರಸೂದು ಬಿಡೂದು ಇಂಥದಕ್ಕೇ. ಕುತ್ತಿಗಿ ಒಳಗ ಅದು ಬಾಗದಂಗ ಹಿಡಿಯೋ ಟ್ರಸ್ ರಾಡ್ ಅನ್ನೋ ಸರಳು ಇರಬೇಕು. 12ನೇ ಫ್ರೆಟ್ ಮ್ಯಾಲೆ ತಂತಿ ಸುಮಾರು 3 ಮಿ.ಮೀ. ಎತ್ತರ ಇರಲಿ, 4 ದಾಟಿದ್ರ ಬೆರಳು ನೋಯ್ತಾವ, ಒತ್ತಿದ ಸ್ವರಾನೂ ಏರತೈತಿ. ಹಿಂದ ರೆಸೊನೇಟರ್ ಮುಚ್ಚಳ ಇಲ್ಲದ್ದು ಹಗುರ, ಅಗ್ಗ. ಕಲಿಯಾಕ ಅದು ಸಾಕು.

ಪೂರಾ 15 ಸಾವಿರ ವಾದ್ಯಕ್ಕೇ ಹಾಕಬ್ಯಾಡ್ರಿ. 2 ಸಾವಿರ ತಂತಿ, ಟ್ಯೂನರ್, ಹೆಬ್ಬೆರಳು-ಬೆರಳಿನ ಪಿಕ್, ಸಣ್ಣ ರಿಪೇರಿಗೆ ಇಟಗೋರಿ.

ಉತ್ತರ 2 (ಅಕ್ಕಲಕೋಟ)

ಡಬ್ಬಿ ಬಿಚ್ಚಿದ ಮ್ಯಾಲಿನ ಕೆಲಸ ಹೇಳ್ತೀನಿ, ಯಾಕಂದ್ರ ಛಲೋ ವಾದ್ಯನೂ ಇಲ್ಲೇ ಕೆಟ್ಟದ್ದು ಅನಸ್ತದ. ಕುದುರಿ ಅಂದ್ರ ಬ್ರಿಜ್ ಅಂಟಿಸಿರಲ್ಲ, ತಂತಿ ಒತ್ತಡಕ್ಕ ನಿಂತಿರ್ತದ. ಸಾಗಿಸುವಾಗ ಬಹಳ ಸಲ ಮಲಗಿಸಿರ್ತಾರ. ತಲಿ ಕಡಿ ನಟ್‌ದಿಂದ (ತಂತಿ ಕೂಡೋ ಗಾಡಿ ಇರೋ ಸಣ್ಣ ಪಟ್ಟಿ) 12ನೇ ಫ್ರೆಟ್‌ಗೆ ಎಷ್ಟು ದೂರನೋ, ಅಲ್ಲಿಂದ ಕುದುರಿಗೂ ಅಷ್ಟೇ ಇರಬೇಕು. ನಟ್‌ದಿಂದ ಕುದುರಿ ತನಕ 26¼ ಇಂಚಿನ ವಾದ್ಯಕ್ಕ 13⅛ ಇಂಚು. ಆಮ್ಯಾಲ ಕಿವಿಲೆ ನೋಡ್ರಿ: 12ನೇ ಫ್ರೆಟ್ ಮ್ಯಾಲೆ ಬೆರಳು ಮುಟ್ಟಿಸಿ ಬಿಟ್ಟಾಗಿನ ಹಾರ್ಮೊನಿಕ್, ಒತ್ತಿದ ಸ್ವರ, ಎರಡೂ ಒಂದೇ ಬರಬೇಕು. ಒತ್ತಿದ್ದು ಏರಿದ್ರ ಕುದುರಿ ಬಾಲದ ಕಡಿ ಸರಸ್ರಿ, ಇಳದ್ರ ಕುತ್ತಿಗಿ ಕಡಿ. ಸರಿ ಬಂದ ಜಾಗಕ್ಕ ಪೆನ್ಸಿಲ್ ಗುರುತು ಹಾಕ್ರಿ. ತಂತಿ ಬದಲಸುವಾಗ ಒಂದೊಂದೇ ಬದಲಸ್ರಿ. ಎಲ್ಲಾ ಒಮ್ಮೆ ಬಿಚ್ಚಿದ್ರ ಕುದುರಿ ಬೀಳ್ತದ.

ಮೈ ಮ್ಯಾಲೆ ಬಿಗಿಯೋ ಚರ್ಮದ ಜಾಗದಾಗ ಈಗ ಪ್ಲಾಸ್ಟಿಕ್ ಹಾಳಿ ಇರ್ತದ. ಅದು ಸಡಲಾದ್ರ ಕುದುರಿ ಕುಸಿದು ತಂತಿ ಫ್ರೆಟ್‌ಗೆ ಬಡೀತದ, ನಾದ ಮಂದ ಆಗ್ತದ. ಹಾಳಿ ಸುತ್ತಲಿನ ಬೋಲ್ಟಿನ ನಟ್ಟು ಒಂದಕ್ಕ ಕಾಲು ಸುತ್ತಿನಕಿಂತ ಕಡಿಮಿ, ಎದುರುಬದರು ಬಿಗೀರಿ. ಒಂದೇ ಕಡಿ ಜಗ್ಗಿದ್ರ ಹಾಳಿ ಹರೀತದ.

ಶ್ರುತಿ: 4ರಿಂದ 1ರ ತನಕ ಡಿ, ಜಿ, ಬಿ, ಡಿ, ಗಿಡ್ಡದ್ದು ಮ್ಯಾಲಿನ ಜಿ. ಗಿಟಾರಿನ ಡಿ, ಜಿ, ಬಿ ಹಂಗೇ ಅವ, ಒಂದನೇ ತಂತಿ ಮಾತ್ರ ಇ ಬದಲು ಡಿ. ನಿಮ್ಮ ಹುಡುಗಿಗೆ ಎಡಗೈ ಲಗೂನ ಕೂಡ್ತದ.

ಪ್ರಶ್ನೆ ಕೇಳಿದವ್ರು

ಉಪಕಾರ ಆತ್ರಿ. ಇಲ್ಲಿ ಬ್ಯಾಂಜೊ ತಂತಿ ಸಿಗಲ್ಲ. ಗಿಟಾರಿಂದು ನಡೀತೈತೇನು? ಮತ್ತ ಓಣ್ಯಾಗ ಸಪ್ಪಳ?

ಉತ್ತರ 1 (ಮಿರಜ)

ಬ್ಯಾಂಜೊ ತಂತಿ ತುದಿಗೆ ಕುಣಿಕಿ ಇರತೈತಿ, ಗಿಟಾರಿಂದಕ್ಕ ಗುಂಡು. ಗುಂಡನ್ನ ಇಕ್ಕಳದಿಂದ ಹುಷಾರಾಗಿ ಹಿಚುಕಿ ತಗದ್ರ ಕುಣಿಕಿ ಉಳೀತೈತಿ. ಒಂದನೇದಕ್ಕ, ಐದನೇದಕ್ಕ 9 ಇಲ್ಲಾ 10 ನಂಬರ್ ಸಾದಾ ತಂತಿ ಸಾಕು. ಸಪ್ಪಳ ತಗ್ಗಿಸಾಕ ಹಾಳಿ ಹಿಂದ, ಮೈ ಒಳಗಿನ ಅಡ್ಡ ರಾಡ್ ನಡುವ ಹಳೇ ಬಟ್ಟಿ ತುರಕ್ರಿ.

ನಟ್‌ದಾಗ ತಂತಿ ಎತ್ತರ ಕೂತಿದ್ರ ನಮ್ಮ ಊರಿನ ಸಿತಾರ್-ತಂಬೂರಿ ಕಾರೀಗರರ ಕಡೆ ತರ್ರಿ, ಅರ ಹಾಕಿ ಸರಿ ಮಾಡ್ತಾರ. ಒಂದು ಮಾತ್ರ ಮೊದಲೇ ಹೇಳ್ರಿ: ಕುದುರಿಗೆ ಜವಾರಿ (ಝೇಂಕಾರ ಬರೂ ಹಂಗ ಕುದುರಿ ಮ್ಯಾಲೆ ಉಜ್ಜೂದು) ತಗೀಬಾರ್ದು. ತಂಬೂರಿಗೆ ಅಗಲ ಕುದುರಿ ಮ್ಯಾಲೆ ತಂತಿ ಸವರಿಕೊಂಡು ಝೇಂಕರಿಸಬೇಕು. ಬ್ಯಾಂಜೊದಾಗ ತಂತಿ ಚೂಪು ಅಂಚಿಂದ ಥಟ್ಟನೆ ಬಿಡಬೇಕು, ಇಲ್ಲಾಂದ್ರ ಬರೇ ಗರಗರ.