ಅಪ್‌ಡೇಟ್: ನೀರು ನೀರಾಗಿದ್ದ ಡಿಕಾಕ್ಷನ್ ಕೊನೆಗೂ ಗಟ್ಟಿಯಾಯಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಕಾಫಿ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಐದೇ ನಿಮಿಷಕ್ಕೆ ಸರ್ರನೆ ಇಳಿದುಬಿಡುತ್ತಿತ್ತು. ಪುಡಿ ಜಾಸ್ತಿ ಹಾಕಿದರೂ ತಿಳಿನೀರೇ. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡಿದೆ.

ತಪ್ಪು ಫಿಲ್ಟರ್‌ನದ್ದಲ್ಲ, ನನ್ನ ಮಿಕ್ಸಿಯದ್ದು. ಬೀಜ ಅರ್ಧ ರವೆಯ ಹಾಗೆ, ಅರ್ಧ ಧೂಳಿನ ಹಾಗೆ ಆಗುತ್ತಿತ್ತು. ರವೆಯ ಸಂದಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಈಗ ಕಾಫಿಪುಡಿ ಅಂಗಡಿಯಲ್ಲಿ ಕಣ್ಣೆದುರೇ ಪುಡಿ ಮಾಡಿಸುತ್ತೇನೆ. ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್ ಎ, ಎರಡೂ ಕಾಫಿ ಬೀಜದ ದರ್ಜೆಗಳು. ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಬೇಡವೇ ಬೇಡ ಎಂದು ಹಟ ಹಿಡಿದಿದ್ದವಳು ನಾನು. ನೂರಕ್ಕೆ 15 ಹಾಕಿಸಿದ ಮೇಲೆ ಗೊತ್ತಾಯಿತು, ಅದು ನೀರನ್ನು ಹಿಡಿದು ನಿಧಾನಕ್ಕೆ ಬಿಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಅಮ್ಮ ಮೊದಲೇ ಹೇಳಿದ್ದರು, ಬಿಡಿ.

ಮೂರು ದೊಡ್ಡ ಚಮಚ ಪುಡಿ, ಮೇಲೆ ಹಿಡಿಕೆಯ ತೂತುಬಿಲ್ಲೆ ಹಗುರವಾಗಿ. ಮೊದಲು ಪುಡಿ ನೆನೆಯುವಷ್ಟು ಕುದಿನೀರು, ಅರ್ಧ ನಿಮಿಷ ಬಿಟ್ಟು ಉಳಿದದ್ದು. ಈಗ ಇಳಿಯಲು 25 ನಿಮಿಷ ಬೇಕು. ಒಂದು ದಿನ ಉತ್ಸಾಹದಲ್ಲಿ ಜೋರಾಗಿ ಒತ್ತಿಬಿಟ್ಟೆ. ಒಂದು ಹನಿಯೂ ಇಳಿಯಲಿಲ್ಲ, ಆಫೀಸಿಗೆ ಟೀ ಕುಡಿದು ಹೋದೆ.

ಒಂದು ಕೆಜಿ ತಂದು ಫ್ರಿಜ್‌ನಲ್ಲಿಡುವುದನ್ನೂ ಬಿಟ್ಟೆ. ಹಳೆ ಪುಡಿಗೆ ಹಿಂಗಿನ ವಾಸನೆ ಹತ್ತಿತ್ತು! ಈಗ ಸಲಕ್ಕೆ 200 ಗ್ರಾಂ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಒಲೆಯಿಂದ ದೂರ.

ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್ ಮಾತ್ರ ಇನ್ನೂ ಸಪ್ಪೆ. ಅದನ್ನು ಮೊದಲನೆಯದಕ್ಕೆ ಬೆರೆಸುತ್ತೀರಾ, ಇಲ್ಲಾ ಸುಮ್ನೆ ಚೆಲ್ಲುತ್ತೀರಾ?