ಸಹಾಯ ಬೇಕು: ಕೆಟ್ಟಿರೋದು ತೋಟಾದ ಪ್ರೈಮರ್ರೋ, ಕೋವಿಯ ಪಿನ್ನೋ?

ನಮಸ್ಕಾರ. ನಮ್ಮದು ಖಾನಾಪುರ ಕಡೆ ಗದ್ದೆ. ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಇರುವ 12 ಬೋರ್ ಕೋವಿ ಇಟ್ಟಿದ್ದೇನೆ. ಕಳೆದ ವಾರ ಟ್ರಿಗರ್ ಎಳೆದರೆ ಬರೀ ‘ಟಿಕ್’ ಅಂದಿತು. ತಡವಾಗಿ ಹಾರಿಬಿಟ್ಟರೆ ಅಂತ ನಳಿಗೆಯನ್ನು ಖಾಲಿ ಗದ್ದೆ ಕಡೆಗೇ ಹಿಡಿದು ಎರಡು ನಿಮಿಷ ಕಾದೆ. ಆಮೇಲೆ ತೋಟಾ ತೆಗೆದು ನೋಡಿದೆ. ಪ್ರೈಮರ್ (ತೋಟಾದ ಹಿಂಬದಿಯಲ್ಲಿರೋ, ಕೋವಿಯ ಪಿನ್ ಬಡಿದಾಗ ಹೊತ್ತಿ ಮದ್ದಿಗೆ ಕಿಡಿ ಕೊಡೋ ಪುಟ್ಟ ಬಟ್ಟಲು) ನಡುವೆ ಸಣ್ಣ ತಗ್ಗು, ಸುತ್ತ ಹಸಿರು ಕಿಲುಬು.

ತಗ್ಗು ಆಳವಾಗಿದ್ದೂ ಹೊತ್ತದಿದ್ದರೆ ಪ್ರೈಮರ್ ಮೇಲೆ ಅನುಮಾನ, ಮೇಲೆ ಮೇಲೆ ಬಿದ್ದಿದ್ದರೆ ಪಿನ್ ಇಲ್ಲವೇ ಸ್ಪ್ರಿಂಗ್ ಮೇಲೆ. ನನ್ನದು ತೀರಾ ಆಳವೂ ಅಲ್ಲ, ಮೇಲೆ ಮೇಲೂ ಅಲ್ಲ, ಗೊತ್ತಾಗ್ತಿಲ್ಲ.

ಗೆಳೆಯನೊಬ್ಬ “ಹಳೇದು ಕಿತ್ತು ಯಾವುದಾದರೂ ಹೊಸ ಪ್ರೈಮರ್ ಹಾಕು” ಅಂದ. ಅದು ಅಷ್ಟು ಸುಲಭದ ಮಾತಲ್ಲ. ರೈಫಲ್ ಮತ್ತು ಪಿಸ್ತೂಲಿನ ದೊಡ್ಡ ಪ್ರೈಮರ್‌ಗಳ ಅಗಲ ಒಂದೇ, 0.210 ಇಂಚು. ಆದರೂ ರೈಫಲಿನದು ಎತ್ತರ ಜಾಸ್ತಿ, ತಗಡೂ ದಪ್ಪ. 12 ಬೋರಿನದಂತೂ ಬೇರೆಯೇ ಆಕಾರ. ಹೊತ್ತದ ಪ್ರೈಮರ್ ಕೀಳುವಾಗಲೇ ಸಿಡಿಯಬಹುದು. ಮನೆಯಲ್ಲಿ ಮಕ್ಕಳಿದ್ದಾರೆ, ನಾನಂತೂ ಮುಟ್ಟಲ್ಲ.

ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಲೈಸೆನ್ಸ್ ಇರುವ ಒಳ್ಳೆ ಕೋವಿ ರಿಪೇರಿಯವರು ಇದ್ದಾರಾ? ಉಳಿದ ಏಳು ತೋಟಾಗಳನ್ನು ಠಾಣೆಗೆ ಒಪ್ಪಿಸಬೇಕಾ, ಕೊಂಡ ಅಂಗಡಿಗಾ? ಹೀಗೆ ಒಪ್ಪಿಸಿದವರು ಯಾವ ಕಾಗದ ಕೊಟ್ಟಿರಿ, ದಯವಿಟ್ಟು ತಿಳಿಸಿ.